ಹಸಿ ಹಗೇವಿನ ಬಾಯಿಗೆ ಅಡ್ಡ ಕೂತ ದಿನ

2009ರಲ್ಲಿ ನಾನು ರಾಮದುರ್ಗ ತಾಲೂಕಿನ ಒಂದು ರೈತ ಸಂಪರ್ಕ ಕೇಂದ್ರದಲ್ಲಿ ಕೃಷಿ ಅಧಿಕಾರಿಯಾಗಿದ್ದೆ. ಹುಟ್ಟಿ ಬೆಳೆದದ್ದು ಬೈಲಹೊಂಗಲ. ತೊಂಬತ್ತರ ದಶಕವೆಲ್ಲ ಸವದತ್ತಿ ಕಡೆಯ ಹಳ್ಳಿಗಳನ್ನು ಸುತ್ತಿ ಸವೆಸಿದವಳು. ಆಗೆಲ್ಲ ರೈತರಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಒಡ್ಡು ಹಾಕಿರಿ, ನೀರು ನಿಲ್ಲಿಸಿರಿ, ತೇವ ಉಳಿಸಿರಿ. ಮಳೆ ಹೆಚ್ಚಾದರೆ ಏನು ಮಾಡಬೇಕೆಂದು ಯಾರೂ ಕೇಳಿರಲಿಲ್ಲ, ನನಗೂ ಯಾರೂ ಕಲಿಸಿರಲಿಲ್ಲ. ನಮ್ಮ ಸೀಮೆಯಲ್ಲಿ ಅಂಥ ಪ್ರಶ್ನೆ ಕೇಳಿದ್ದರೆ ನಗುತ್ತಿದ್ದರು.

ಆ ವರ್ಷ ಜನ ಮುಗಿಲು ನೋಡಿ ನೋಡಿ ಸಾಕಾದ ಮೇಲೆ, ಸೆಪ್ಟೆಂಬರ್ ಕೊನೆಗೆ ಹಸ್ತಾ ಮಳೆ ಹಿಡಿಯಿತು. ಇಡೀ ಮಳೆಗಾಲದ ಬಾಕಿಯನ್ನು ಒಮ್ಮೆಲೇ ಸುರಿದು ಕೈತೊಳೆದುಕೊಂಡ ಹಾಗೆ ಸುರಿಯಿತು. ಮಲಪ್ರಭೆ ದಂಡೆ ಬಿಟ್ಟು ಹೊಲಗಳಿಗೆ ನುಗ್ಗಿದಳು. ಒಂದು ಮಳೆಯನ್ನು ಹಿಡಿದು ಹವಾಮಾನವೇ ಬದಲಾಯಿತು ಎನ್ನಲು ಬರುವುದಿಲ್ಲ, ಅದು ನನಗೂ ಗೊತ್ತು. ಆದರೆ ಭೂಮಿಯ ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳುತ್ತದೆ, ಬಿಟ್ಟಾಗ ಒಮ್ಮೆಲೇ ಬಿಡುತ್ತದೆ, ನಡುನಡುವೆ ಒಣಗಿಸುತ್ತದೆ ಎಂದು ತರಬೇತಿಯಲ್ಲಿ ಕೇಳಿದ್ದೆ. ಕೇಳುವಾಗ ಅದು ಯಾವುದೋ ದೂರದ ದೇಶದ ಸುದ್ದಿ ಅನ್ನಿಸಿತ್ತು.

ಮಳೆ ನಿಂತ ಮೇಲೆ ನನ್ನ ಕೆಲಸ ಬಿತ್ತನೆ ಬೀಜ ಒದಗಿಸುವುದು. ಎರೆ ಹೊಲ ಹದಕ್ಕೆ ಬರುತ್ತಿತ್ತು, ಹಿಂಗಾರಿ ಜೋಳ ಬಿತ್ತಲು ಉಳಿದಿದ್ದ ಸಮಯ ಬಹಳ ಕಡಿಮೆ. ಸೇತುವೆ ಮೇಲೆ ನೀರಿದ್ದುದರಿಂದ ಬೀಜದ ಲಾರಿ ಆಚೆ ದಂಡೆಯಲ್ಲೇ ನಿಂತಿತ್ತು. ಅಷ್ಟರಲ್ಲಿ, ನದಿಯಿಂದ ಸ್ವಲ್ಪ ಎತ್ತರದಲ್ಲಿರುವ ಒಂದು ಹಳ್ಳಿಯಲ್ಲಿ ಗಂಗವ್ವ ಎಂಬವರ ಮನೆಯವರು ಬೀಜಕ್ಕಾಗಿ ಹಗೇವು ತೆಗೆಯುತ್ತಿದ್ದಾರೆಂದು ಸುದ್ದಿ ಬಂತು. ಕೂಡಲೇ ಹೊರಟೆ.

ಹಗೇವು ಎಂದರೆ ನೆಲದೊಳಗಿನ ಕಣಜ. ಮೇಲೆ ಒಬ್ಬ ಇಳಿಯುವಷ್ಟೇ ಬಾಯಿ, ಒಳಗೆ ಗಡಿಗೆಯ ಹಾಗೆ ಅಗಲ. ಗೋಡೆಗೆ ಜೋಳದ ದಂಟು ಹೊಂದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹಿಡಿಯುವುದಿಲ್ಲ. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರಿ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ, ಹುಳ ಬದುಕದಿರುವುದು ಅದಕ್ಕೇ. ಮನುಷ್ಯನೂ ಬದುಕುವುದಿಲ್ಲ. ಅದಕ್ಕಾಗಿ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ, ದೀಪ ಉರಿದರೆ ಮಾತ್ರ ಒಳಗಿಳಿಯುವುದು ಪದ್ಧತಿ. ಆದರೆ ನೆಲ ಒಣಗಿದ್ದ ಕಾಲದ ಪದ್ಧತಿ ಅದು. ಮಳೆನೀರು ಇಂಗಿ ಕಾಳು ನೆನೆದರೆ ಹುಳಿತು ಕಾವೇರುತ್ತದೆ, ವಿಷಗಾಳಿ ಹೋದಷ್ಟೂ ಮತ್ತೆ ಹುಟ್ಟುತ್ತದೆ.

ನಾನು ಹೋದಾಗ ಕಲ್ಲು ಸರಿಸಿಯಾಗಿತ್ತು. ಗಂಗವ್ವನ ಮೈದುನ ಫಕೀರಪ್ಪ ಅಂಗಿ ಕಳಚಿ ಇಳಿಯಲು ಸಿದ್ಧನಾಗಿದ್ದ. ಅರವತ್ತರ ಆಸುಪಾಸಿನ ಗಟ್ಟಿ ಆಳು.

"ಕಂದೀಲ ಚೊಲೋ ಉರದೈತ್ರಿ ಬಾಯಾರ. ಸಣ್ಣಾಂವ ಇದ್ದಾಗಿಂದ ಇದರಾಗ ಇಳಿಯಾಕ ಹತ್ತೇನಿ. ನನಗ ಇದು ಮನಿ ಪಡಸಾಲಿ ಇದ್ದಂಗ."

"ಪಡಸಾಲಿ ಇರಲಿ ಕಾಕಾ. ಇಲ್ಲಿ ಕೈ ಇಟ್ಟ ನೋಡ್ರಿ. ನಿಮ್ಮ ಪಡಸಾಲಿ ಹಿಂಗ ಕಾಯತೈತೇನು?"

ಬಾಯಿಯಿಂದ ಬೆಚ್ಚಗಿನ ಹುಳಿ ವಾಸನೆ ಏಳುತ್ತಿತ್ತು. ಫಕೀರಪ್ಪ ಕೈ ಇಟ್ಟು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಗಂಗವ್ವ ಬಿಡಲಿಲ್ಲ. ಮಾಳಿಗೆ ಸೋರಿ ಮನೆಯ ಗಡಿಗೆಯಲ್ಲಿದ್ದ ಬೀಜವೆಲ್ಲ ಮೊಳೆತು ಹೋಗಿತ್ತು, ಉಳಿದದ್ದು ಈ ಹಗೇವಿನದೊಂದೇ.

"ಹದಾ ಹೊಂಟೈತ್ರಿ. ಇವತ್ತ ಬೀಜ ಸಿಗಲಿಲ್ಲಂದ್ರ ಈ ವರ್ಷ ಹೊಲಾ ಬೀಳ. ಫಕೀರಪ್ಪಾ, ಇಳಿ ನೀ. ಆಫೀಸಿನವ್ರು ಹಿಂಗ ಅಂತಿರತಾರ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸೆರಗು ಸಿಕ್ಕಿಸಿ ಹಗೇವಿನ ಬಾಯಿಗೆ ಅಡ್ಡ ಕೂತುಬಿಟ್ಟೆ. "ಇಳಿಯೂದ ಇದ್ರ ನನ್ನ ಎತ್ತಿ ಬಾಜೂಕ ಇಟ್ಟು ಇಳೀರಿ" ಎಂದೆ. ನಾನು ತೆಳ್ಳಗಿನವಳೂ ಅಲ್ಲ. ಸುತ್ತ ನಿಂತವರು ಮುಸಿಮುಸಿ ನಕ್ಕರು, ಮುಂದೆ ಬರುವ ಧೈರ್ಯ ಯಾರೂ ಮಾಡಲಿಲ್ಲ.

ಕಂದೀಲು ಎಲ್ಲಿಯ ತನಕ ಇಳಿಸಿದಿರಿ ಎಂದು ಕೇಳಿದೆ. ಫಕೀರಪ್ಪ ಅದಕ್ಕೆಂದೇ ಇಟ್ಟಿದ್ದ ಹಗ್ಗ ತೋರಿಸಿದ. ತುಂಬಿದ ಹಗೇವಿನ ಕಾಳಿಗೆ ಮುಟ್ಟುವಷ್ಟೇ ಉದ್ದ. ಆದರೆ ಬೇಸಿಗೆಯಲ್ಲೇ ಅವರು ಅರ್ಧ ಜೋಳ ತೆಗೆದು ಉಂಡಿದ್ದರು. ದೀಪ ಉರಿದದ್ದು ಬಾಯಿಯ ಹತ್ತಿರ, ಇವನು ಇಳಿಯಬೇಕಾದದ್ದು ಅದಕ್ಕಿಂತ ಬಹಳ ಕೆಳಗೆ. ಬಾವಿಯ ಹಗ್ಗ ತರಿಸಿ ಕಂದೀಲಿಗೆ ಕಟ್ಟಿ ಕಾಳಿನ ತನಕ ಇಳಿಸಿದೆವು. ದೀಪ ಸಣ್ಣಗಾಯಿತು, ಆರಿತು. ಎಳೆದು, ಹಚ್ಚಿ, ಮತ್ತೆ ಇಳಿಸಿದೆವು. ಮತ್ತೆ ಆರಿತು. ಫಕೀರಪ್ಪ ಕಳಚಿದ್ದ ಅಂಗಿ ಮತ್ತೆ ಹಾಕಿಕೊಂಡ.

"ಹಂಗಾರ ಬೀಜ?" ಅಂದಳು ಗಂಗವ್ವ. ಅವಳ ದನಿ ಇಳಿದಿತ್ತು.

ಬೀಜ ಬಿಟ್ಟು ಹೋಗುವ ಮನಸ್ಸು ನನಗೂ ಇರಲಿಲ್ಲ. ಕರೆಂಟ್ ಇರಲಿಲ್ಲ, ಫ್ಯಾನ್ ಹಚ್ಚುವಂತಿಲ್ಲ. ಅದೇ ಓಣಿಯ ಕಂಬಾರ ಮೌನಪ್ಪನ ಕುಲುಮೆಯಲ್ಲಿ ಕೈಯಿಂದ ತಿರುಗಿಸುವ ಗಾಳಿಯಂತ್ರವಿತ್ತು. ಅದನ್ನು ಕೀಳಿಸಿ ತಂದು, ಹೊಲಕ್ಕೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಪೈಪನ್ನು ಅದರ ಮೂತಿಗೆ ಗೋಣಿತಟ್ಟಿನಿಂದ ಸುತ್ತಿ ಬಿಗಿದು, ಪೈಪಿನ ತುದಿ ಹಗೇವಿನೊಳಗೆ ಕಾಳಿನ ತನಕ ಬಿಟ್ಟೆವು. ಸರತಿಯಂತೆ ಗಂಡಸರು ತಿರುಗಿಸಿದರು. ಮಧ್ಯಾಹ್ನ ಹೊರಳುವ ಹೊತ್ತಿಗೆ ಕಾಳಿನ ತನಕ ಇಳಿಸಿದ ದೀಪ ಆರದೆ ನಿಂತಿತು.

ಫಕೀರಪ್ಪ ಇಳಿಯುವ ಮುನ್ನ ಎಲ್ಲರಿಗೂ ಗಟ್ಟಿಯಾಗಿ ಹೇಳಿದೆ. ಗಾಳಿಯಂತ್ರ ಒಂದು ಗಳಿಗೆಯೂ ನಿಲ್ಲಬಾರದು. ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದವರು ಹರಟೆ ಹೊಡೆಯಬಾರದು. ಒಳಗಿದ್ದವನು ಕರೆದಾಗೊಮ್ಮೆ ಓ ಅನ್ನಬೇಕು, ಅನ್ನದಿದ್ದರೆ ಎಳೆಯುವುದು, ಏನೇ ಆದರೂ ಮತ್ತೊಬ್ಬ ಹಿಂದೆ ಇಳಿಯಕೂಡದು. ಇಂಥ ಕಡೆ ಬಿದ್ದವನನ್ನು ಉಳಿಸಲು ಇಳಿದ ತಮ್ಮನೋ ಮಗನೋ ಅವನ ಮೇಲೆಯೇ ಬೀಳುತ್ತಾನೆ.

ಬುಟ್ಟಿ ಬುಟ್ಟಿ ಜೋಳ ಮೇಲೆ ಬಂತು. ಗೋಡೆ ಬದಿಯದು ಕಪ್ಪಗಾಗಿ ಗಂಟುಗಟ್ಟಿತ್ತು, ನಡುವಿನದು ಒಣಗಿಯೇ ಇತ್ತು. ಒಮ್ಮೆ ನಾನು ಕರೆದೆ, ಓ ಬರಲಿಲ್ಲ. ಮತ್ತೆ ಕರೆದೆ, ಇಲ್ಲ. "ಎಳೀರಿ" ಅಂದದ್ದು ನಾನೋ ಗಂಗವ್ವನೋ ಈಗ ನೆನಪಿಲ್ಲ. ಎಳೆದ ರಭಸಕ್ಕೆ ಫಕೀರಪ್ಪ ಮೊಣಕೈ ತರಚಿಕೊಂಡು ಹೊರಗೆ ಬಿದ್ದ. ಕೆಮ್ಮಿ, ಕೆಂಪಗೆ ಉಗುಳಿ, "ಬಾಯಾಗ ಎಲಿ ಅಡಿಕಿ ಇತ್ರಿ ಬಾಯಾರ, ಓ ಹೆಂಗ ಅನ್ಲಿ?" ಎಂದ. ಅವನಿಗೆ ನಾನು ಬೈದ ಬೈಗುಳ ಸರ್ಕಾರಿ ನೌಕರರು ಬಳಸುವಂಥದ್ದಲ್ಲ. ಮತ್ತೆ ಇಳಿಸಲಿಲ್ಲ. ಬಂದಷ್ಟು ಸಾಕೆಂದು ಕಲ್ಲು ಮುಚ್ಚಿಸಿದೆ.

ನಡುವಿನ ಜೋಳವನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಮೊಳಕೆ ಪರೀಕ್ಷೆ ಮಾಡಿದೆ. ಕಾವಿಗೆ ಸಿಕ್ಕ ಕೆಲವು ಕಾಳು ಸತ್ತಿದ್ದವು, ಅರ್ಧಕ್ಕಿಂತ ಹೆಚ್ಚು ಮೊಳೆತವು. ಬೀಜೋಪಚಾರ ಮಾಡಿಸಿ, ತುಸು ದಟ್ಟ ಬಿತ್ತಲು ಹೇಳಿದೆ. ಚಿತ್ತಾ ಮಳೆಯ ಹೊತ್ತಿಗೆ ಅವರ ಕೂರಿಗೆ ಹೊಲದಲ್ಲಿತ್ತು.

ಜೋಳ ಹಾಲುಗಾಳು ಕಟ್ಟಿದಾಗ ಗಂಗವ್ವ ಹೇಳಿ ಕಳಿಸಿದಳು. ಹೋದೆ. ಹೊಲದಲ್ಲಿ ಹಸಿ ತೆನೆ ಸುಟ್ಟು, ಉದುರಿಸಿದ ಸೀತನಿ ಕೈಗಿಟ್ಟಳು. ಬೆಳೆ ಅಲ್ಲಲ್ಲಿ ತೆಳುವಾಗಿತ್ತು, ಆದರೂ ಬೆಳೆ ಎನ್ನುವಂತಿತ್ತು. ಅವಳು ಮಾತ್ರ ಒಂದು ಕಾಳನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ.

"ಹಗೇವಕ್ಕ ಮಣ್ಣ ತುಂಬಿಸಿದ್ನಿರಿ" ಎಂದಳು. "ಊರಾಗ ಎಲ್ಲಾರೂ ಬಾಯಾರು ನಿಮ್ಮ ಬೀಜ ಉಳಿಸಿದ್ರು ಅಂತಾರ. ಇಳಿ ಅಂದಾಕಿ ನಾನರಿ. ನನ್ನ ಗಂಡ ಸತ್ತ ಮ್ಯಾಲ ನನ್ನ ಮಕ್ಕಳನ್ನ ಸಾಕಿದಾಂವ ಈ ಫಕೀರಪ್ಪ. ಇವನ್ನ ಕುಣ್ಯಾಗ ಇಳಿಸಿ ಬೆಳದಿದ್ರ, ಈ ಜ್ವಾಳದ ರೊಟ್ಟಿ ನಾ ಹೆಂಗ ಬಡೀತಿದ್ನಿ?"

ಆಮೇಲೆ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ನಾನು ಒಂದು ಮಾತು ಹೇಳುತ್ತ ಬಂದೆ. ಮಳೆ ಬದಲಾಗಿದೆ ಎಂದು ಸಭೆಯಲ್ಲಿ ಹೇಳಿ ಬಂದರೆ ನಮ್ಮ ಕೆಲಸ ಮುಗಿಯುವುದಿಲ್ಲ. ಆ ಬದಲಾದ ಮಳೆ ಯಾರ ಮನೆಯ ಯಾವ ರೂಢಿಯೊಳಗೆ ಸಾವು ತಂದಿಟ್ಟಿದೆ ಎಂದು ಹುಡುಕಿಕೊಂಡು ಹೋಗಬೇಕು. ಅಲ್ಲಿ ಜನ ಎಷ್ಟೇ ಅವಸರ ಮಾಡಲಿ, ಅಡ್ಡ ಕೂರಬೇಕು. ಕೂತ ಮೇಲೆ ಬೀಜಕ್ಕೆ ಬೇರೆ ದಾರಿ ತೋರಿಸದೆ ಏಳಬಾರದು.