ಮೂರು ನಿಮಿಷದ ಹಾಡಿಗೆ ಐವತ್ತು ಹಾಳೆ

ಮಾಲ್ಟಾದ ಸಿಜ್ಜೀವಿ ಊರಿನ ಬೇಕರಿಯಿಂದ ಮೊದಲ ಬ್ರೆಡ್ಡಿನ ವಾಸನೆ ಬೀದಿಗೆ ಬರುವ ಹೊತ್ತಿಗೆ ನಾಝ್ಯು ಎಲ್ಲುಲ್ ತಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತಾಗಿರುತ್ತದೆ. ಎದುರಿಗೆ ಸ್ವರ ಬರೆಯುವ ಐದು ಗೆರೆಯ ಹಾಳೆ, ಮಸಿ ಕುಡಿಕೆ, ಅಗಲ ಮೊನೆಯ ಪೆನ್ನು. ಊರಿನ ಬ್ಯಾಂಡಿಗಾಗಿ ಹೊಸದೊಂದು ರಚನೆಯನ್ನು ಪ್ರತಿ ವಾದ್ಯಕ್ಕೂ ಬೇರೆ ಬೇರೆಯಾಗಿ ನಕಲು ಮಾಡುತ್ತಿದ್ದಾರೆ. ವಯಸ್ಸು ಎಪ್ಪತ್ತೊಂಬತ್ತು. ಬೆಳಿಗ್ಗೆ ಎಂಟರೊಳಗೆ ಆರು ಹಾಳೆ. ಆಮೇಲೆ ಕಣ್ಣು ಮಾತು ಕೇಳುವುದಿಲ್ಲ.

"ಕಂಪ್ಯೂಟರು ಒಂದು ಗಳಿಗೇಲಿ ಮಾಡತ್ತೆ ಅಂದ್ರೆ ಕೇಳಲ್ಲ," ಎನ್ನುತ್ತಾರೆ ಹೆಂಡತಿ ರೊಝಿನಾ, ಚಹಾ ಲೋಟವನ್ನು ಹಾಳೆಗಳಿಂದ ದೂರ ಇಡುತ್ತಾ.

"ಮಾಡ್ಲಿ ಬಿಡೇ. ಪುಟ ತಿರುವೋಕೆ ಊದೋನಿಗೆ ಹಾಡಿನ ಯಾವ ಜಾಗದಲ್ಲಿ ಪುರುಸೊತ್ತು ಸಿಗತ್ತೆ ಅಂತ ಅದಕ್ಕೇನು ಗೊತ್ತು?"

ನಾಝ್ಯು ಹಡಗುಕಟ್ಟೆಯಲ್ಲಿ ಹಡಗುಗಳ ಹೆಸರು ಬರೆಯುತ್ತಿದ್ದ ಪೇಂಟರ್. ಸಂಜೆ ಬ್ಯಾಂಡಿನಲ್ಲಿ ಕ್ಲಾರಿನೆಟ್. ಮುಂದಿನ ಹಲ್ಲು ಹೋದಮೇಲೆ ಊದುವುದು ನಿಂತಿತು, ಬರೆಯುವುದು ಶುರುವಾಯಿತು.

ಯುರೋಪಿನ ದೇಶಗಳ ಹಾಡಿನ ಸ್ಪರ್ಧೆ ಯೂರೋವಿಷನ್‌ನಲ್ಲಿ ನಮ್ಮ ಮಾಲ್ಟಾದ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ಮೊದಲ ಎರಡು ಸಲವೂ ಕಟ್ಟಕಡೆಯ ಸ್ಥಾನ. ಎಪ್ಪತ್ತೈದರ ನಂತರ ಹದಿನಾರು ವರ್ಷ ಆ ಕಡೆ ತಲೆ ಹಾಕಲಿಲ್ಲ. ತೊಂಬತ್ತೊಂದರಲ್ಲಿ ಮತ್ತೆ ಹೋದಾಗ, ನಮ್ಮ ಹಾಡನ್ನು ಅಲ್ಲಿನ ವಾದ್ಯಗಾರರ ಮುಂದಿಡಲು ಐವತ್ತಕ್ಕೂ ಹೆಚ್ಚು ಹಾಳೆ ಬೇಕಾಯಿತು. ಅವನ್ನು ಬರೆದವರು ನಾಝ್ಯು. ಅಲ್ಲಿಂದ ಎಂಟು ವರ್ಷ ಅವರದೇ ಕೈ.

ಹಾಳೆಗಳ ಜೊತೆ ಅವರೂ ಹೋದದ್ದು ಒಂದೇ ಸಲ. "ಯಾವ ವರ್ಷ ಅಂತ ಬರೀಬೇಡಿ, ಅವತ್ತು ಹಾಡಿದ ಹುಡುಗಿಗೆ ಮುಜುಗರ ಆಗತ್ತೆ," ಎಂದು ಮೊದಲೇ ಕರಾರು ಹಾಕುತ್ತಾರೆ.

ಬೆಳಗಿನ ತಾಲೀಮು. ಕೊನೆಯ ಪಲ್ಲವಿಯಲ್ಲಿ ಹಾಡಿನ ಶ್ರುತಿ ಒಂದು ಮೆಟ್ಟಿಲು ಏರಬೇಕು. ಏರಿದ್ದೇ ತಡ, ಎಲ್ಲ ಕಲಸಿಹೋಯಿತು. ಗಾಯಕಿ ತಡವರಿಸಿ ನಿಂತಳು. ವಾದ್ಯಗಾರರನ್ನು ನಡೆಸುತ್ತಿದ್ದವರು ಹಾಡು ಕಟ್ಟಿದವರೇ. ಕೈಯಲ್ಲಿದ್ದ ತಾಳದ ಕೋಲು ಕೆಳಗಿಟ್ಟು, "ಇಷ್ಟು ದೂರ ಬಂದು ಅಪಸ್ವರ ಹಾಡ್ತೀಯಾ?" ಎಂದು ಎಲ್ಲರ ಮುಂದೆ ಬೈದರು. ಹುಡುಗಿ ಅತ್ತುಬಿಟ್ಟಳು.

ವೇದಿಕೆಯ ಕೆಳಗೆ ಕುರ್ಚಿಯಲ್ಲಿ ಕೂತಿದ್ದ ನಾಝ್ಯುಗೆ ಆಗಲೇ ಹೊಳೆದಿತ್ತು. ಹಾರ್ನ್ ಎಂಬ ನಾಲ್ಕು ಹಿತ್ತಾಳೆ ಊದುವಾದ್ಯಗಳ ಹಾಳೆಗಳಲ್ಲಿ ತಾವು ಶ್ರುತಿ ಏರಿಸುವುದನ್ನೇ ಮರೆತಿದ್ದರು. "ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಮಧ್ಯಾಹ್ನ ತಿದ್ದಿಟ್ಟು ಕೈ ತೊಳ್ಕೋಬಹುದಿತ್ತು. ಆದ್ರೆ ಅಷ್ಟರೊಳಗೆ ಅವಳ ಧೈರ್ಯ ಹೋಗಿರೋದು."

ವೇದಿಕೆ ಹತ್ತಿ ಹೇಳಿದರು: "ಸ್ವಾಮೀ, ತಪ್ಪು ನಂದು. ಆ ಮಗೂದಲ್ಲ."

ನಮಗೆ ಕೊಟ್ಟ ಸಮಯದಲ್ಲಿ ಉಳಿದಿದ್ದು ಹನ್ನೆರಡು ನಿಮಿಷ. ಪಿಯಾನೋದ ಮುಚ್ಚಳದ ಮೇಲೆ ಹಾಳೆ ಹರಡಿ, ನಿಂತೇ ನಾಲ್ಕನ್ನೂ ಹೊಸದಾಗಿ ಬರೆದರು. ಹಾರ್ನ್ ನುಡಿಸುವವರು ಊದಿ ಊದಿ ಮಸಿ ಒಣಗಿಸಿದರು. ಹುಡುಗಿ ಕಣ್ಣೊರೆಸಿಕೊಂಡು ಮತ್ತೆ ಹಾಡಿದಳು. ಈ ಸಲ ಕೊನೆಯವರೆಗೂ.

ಆ ವರ್ಷವೂ ಗೆಲುವು ಬರಲಿಲ್ಲ. ಹಾಡು ಕಟ್ಟಿದವರು ನಾಝ್ಯು ಅವರನ್ನು ಮತ್ತೆ ಕರೆಯಲಿಲ್ಲ, ಬೇರೆಯವರು ಕರೆದರು. ತೊಂಬತ್ತೊಂಬತ್ತರಲ್ಲಿ ಸ್ಪರ್ಧೆಯೇ ವಾದ್ಯಗಾರರನ್ನು ಕೈಬಿಟ್ಟು ಧ್ವನಿಮುದ್ರಿಕೆಗೆ ಹೊರಳಿತು. ಅಲ್ಲಿಗೆ ಅವರ ಕೆಲಸ ಮುಗಿಯಿತು. ನಮಗೆ ಎರಡನೇ ಸ್ಥಾನ ಎರಡು ಸಲ ಬಂದದ್ದು ಆಮೇಲೆಯೇ.

"ನೀನು ಕೈ ತೆಗೆದ ಮೇಲೇ ನೋಡಪ್ಪ ದೇಶ ಉದ್ಧಾರ ಆಗಿದ್ದು!" ಎಂದು ಬ್ಯಾಂಡ್ ಕ್ಲಬ್ಬಿನಲ್ಲಿ ಸ್ಪರ್ಧೆ ನಡೆಯುವ ಪ್ರತಿ ಮೇ ತಿಂಗಳೂ ಚುಡಾಯಿಸುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವರು ನಾಝ್ಯುವೇ.

ಹೊರಡುವ ಮುನ್ನ ಕೇಳುತ್ತೇನೆ, ಅವತ್ತು ಹೆದರಿಕೆಯಾಗಲಿಲ್ಲವೇ ಎಂದು. ಅವರು ಒಳಗೆ ಹೋಗಿ ಹಳೆಯ ಲಕೋಟೆ ತರುತ್ತಾರೆ. ಅದರಲ್ಲಿ ಅವತ್ತು ನಿಂತೇ ಬರೆದ ಹಾರ್ನ್‌ನ ಆ ನಾಲ್ಕು ಹಾಳೆ.

"ಕಾಲು ಗಡಗಡ ನಡುಗ್ತಿತ್ತು," ಎನ್ನುತ್ತಾ ಅವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. "ಬರವಣಿಗೆ ನೋಡಿ. ಎಲ್ಲಾದ್ರೂ ಕೈ ನಡುಗಿದೆಯಾ?"