ಮುಖ ತೋರಿಸದ ಮೇಷ್ಟ್ರು

ಹೊರದೇಶದ ಈ ಯುಟ್ರೆಕ್ಟ್ ನಗರದಲ್ಲಿ ನಮ್ಮ ಮೇಲಿನ ಮನೆಯ ಗಿರೀಶ ಸಿದ್ದಿ ವಾರವಿಡೀ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಾನೆ. ಭಾನುವಾರ ಮಾತ್ರ ಮೊಬೈಲಿನ ಮೇಷ್ಟ್ರಾಗುತ್ತಾನೆ. ಯಲ್ಲಾಪುರದ ಕಾಡಿನಂಚಿನ ತನ್ನದೇ ಸಿದ್ದಿ ಜನರ ಹೈಸ್ಕೂಲು ಮಕ್ಕಳಿಗೆ ಮುಂದಿನ ಓದಿನ ದಾರಿ ಹೇಳುವುದು ಅವನು ಹಚ್ಚಿಕೊಂಡ ಕೆಲಸ. ಹೇಳುವುದಕ್ಕಿಂತ ತೋರಿಸುವುದೇ ಹೆಚ್ಚು. ಫೋನನ್ನು ಆರತಿ ತಟ್ಟೆಯಂತೆ ಮುಂದೆ ಹಿಡಿದು ಕಾಲುವೆ, ಸೈಕಲ್ಲಿನ ರಾಶಿ, ಕೊನೆಗೆ ನನ್ನ ಹಂಚಿನ ಮೇಲಿನ ರೊಟ್ಟಿಯನ್ನೂ ತೋರಿಸುತ್ತಾನೆ. "ಅಜ್ಜಿ, ಸ್ವಲ್ಪ ನಗ್ರಿ, ಮಕ್ಕಳು ಹೆದರ್ತಾರೆ!" ಎಂದು ನನಗೆ ಹೇಳುತ್ತಾನೆ. ಒಂದು ಪ್ರಶ್ನೆಯಾದರೂ ಕೇಳದೆ ಯಾರೂ ಫೋನ್ ಇಡುವಂತಿಲ್ಲ, ಪ್ರಶ್ನೆ ದಡ್ಡದಾದಷ್ಟೂ ಶಹಬ್ಬಾಸ್‌ಗಿರಿ ಜಾಸ್ತಿ. "ಸರ್, ಹಂಸ ಕಚ್ತದಾ?" "ನನಗೇ ಕಚ್ಚಿದೆ." "ಅಲ್ಲಿ ಸೈಕಲ್ ಕದಿಯೋರು ಇಲ್ವಾ?" "ನಂದೇ ಹೋಗಿದೆ. ಮುಂದಿನ ಪ್ರಶ್ನೆ!" ಮುಖ ತೋರಿಸಿ ಎಂದರೆ ಮಾತ್ರ ಗದರುತ್ತಾನೆ: "ನನ್ನ ಮೋರೇಲಿ ಏನದೆ? ಯೂನಿವರ್ಸಿಟಿ ನೋಡ್ರೋ!" ಆ ಮಕ್ಕಳಲ್ಲಿ ಸಾವಿತ್ರಿ ಎಂಬವಳು ಪ್ರತಿಸಲ "ಊಟ ಆಯ್ತಾ ಸರ್?" ಎಂದಷ್ಟೇ ಕೇಳಿ ಪಾರಾಗುತ್ತಿದ್ದಳು. ಹತ್ತನೇ ತರಗತಿ ಮುಗಿದರೆ ಓದು ಸಾಕೆಂದು ಅವಳ ತಾಯಿ ಹೇಳಿಬಿಟ್ಟಿದ್ದಳಂತೆ. ಮೊನ್ನೆ ಭಾನುವಾರ ನನ್ನನ್ನೂ ಕರೆದುಕೊಂಡು ಹೋಗಿ ಗಿರೀಶ ಯೂನಿವರ್ಸಿಟಿಯ ದೊಡ್ಡ ಬಾಗಿಲು ತೋರಿಸುತ್ತಿದ್ದಾಗ ಅದೇ ಸಾವಿತ್ರಿ ಸಣ್ಣ ದನಿಯಲ್ಲಿ ಕೇಳಿದಳು: "ಸರ್, ಅದರೊಳಗೆ ನಮ್ಮಂಥವರನ್ನ ಬಿಡ್ತಾರಾ?" ಗಿರೀಶ ಮೊದಲ ಸಲ ಫೋನನ್ನು ತನ್ನತ್ತ ತಿರುಗಿಸಿ, ಆ ಮಕ್ಕಳದ್ದೇ ಥರದ ತನ್ನ ಗುಂಗುರು ತಲೆಯೂ ಬೆನ್ನ ಹಿಂದಿನ ಆ ದೊಡ್ಡ ಬಾಗಿಲೂ ಒಟ್ಟಿಗೆ ಕಾಣುವಂತೆ ಹಿಡಿದು ನಿಂತ. ಅತ್ತ ಕಡೆಯಿಂದ ಸಾವಿತ್ರಿ ಎಂದಳು: "ಸರ್, ಅಲ್ಲೇ ಇರಿ, ಅಲ್ಲಾಡಬೇಡಿ. ಅವ್ವನ್ನ ಕರೀತೇನೆ."