ರಟ್ಟಿನಕ್ಕನ ಮಂಚದ ಬೆಲೆ

ಪುಸ್ತಕಗಳಿಗೆ ರಟ್ಟು ಕಟ್ಟುವುದು ಆಕೆಯ ಕಸುಬು. ಹಾಗಾಗಿ ಬೀದಿಗೆಲ್ಲ ಆಕೆ ರಟ್ಟಿನಕ್ಕ. ನನ್ನದು ಹಳೇ ಸಾಮಾನಿನ ಅಂಗಡಿ. ಹಿಡಿ ತಿರುಗಿಸಿದರೆ ತಲೆಯ ಭಾಗ ಮೇಲೇಳುವ ಆಸ್ಪತ್ರೆ ಮಂಚವೊಂದನ್ನು ಮೂರು ವರ್ಷದ ಹಿಂದೆ ಎಂಟು ಸಾವಿರಕ್ಕೆ ಆಕೆಗೆ ಮಾರಿದ್ದೆ. ಗಂಡನಿಗೆ ಲಕ್ವ ಹೊಡೆದಿತ್ತು.

"ಇದ್ರ ಮೇಲೆ ಮೊದ್ಲು ಮಲಗಿದ್ದವರು ಏನಾದ್ರಣ್ಣ?" ಎಂದು ಅವತ್ತು ಕೇಳಿದ್ದಳು.

"ಎದ್ದು ನಡ್ಕೊಂಡು ಮನೆಗೆ ಹೋದ್ರಕ್ಕ," ಎಂದಿದ್ದೆ. ನನಗೇನು ಗೊತ್ತು? ಗೊತ್ತಿಲ್ಲದ್ದನ್ನು ಚೆನ್ನಾಗಿ ಹೇಳುವುದೇ ನನ್ನ ಹೊಟ್ಟೆಪಾಡು.

ಹೋದ ತಿಂಗಳು ಗಂಡ ತೀರಿಕೊಂಡ. ಮನೆಯಲ್ಲಿದ್ದ ಒಂದೇ ದೊಡ್ಡ ಕೋಣೆಯನ್ನು ಮಂಚ ನುಂಗಿ ಕೂತಿತ್ತು. ಕೆಲಸದ ಮೇಜು ಗೋಡೆಗೆ ಒರಗಿತ್ತು, ಅಂಟಿನ ಡಬ್ಬಿ ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯ ಪಕ್ಕ ಸೇರಿತ್ತು. ಶಾಲೆಯೊಂದರ ಇನ್ನೂರು ಪುಸ್ತಕ ಬಂದು ಬಿದ್ದಿದ್ದವು. ಮಂಚ ಹೋಗದೆ ಮೇಜು ಹಾಕುವಂತಿರಲಿಲ್ಲ, ಮೇಜು ಹಾಕದೆ ಕೆಲಸವಿಲ್ಲ.

ಫೋನಿನಲ್ಲಿ ಮಾರಾಟಕ್ಕೆ ಹಾಕಲು ನಾನೇ ಫೋಟೊ ತೆಗೆದುಕೊಟ್ಟೆ. ಬರಹ ಮಾತ್ರ ಆಕೆಯದು: 'ನನ್ನ ಗಂಡ ಮೂರು ವರ್ಷ ಇದರ ಮೇಲಿದ್ದರು. ಇದರ ಮೇಲೇ ತೀರಿಕೊಂಡರು. ಎಂಟು ಸಾವಿರ.'

"ತೀರ್ಕೊಂಡಿದ್ದು ಅಳಿಸಿ ಅಕ್ಕ. ಗಿರಾಕಿ ಕೈಗೆ ನಾವೇ ಕತ್ತಿ ಕೊಟ್ಟಂಗಾಯ್ತು."

"ಇರ್ಲಿ ಬಿಡಿ."

ಕತ್ತಿಗಳು ಬಂದವು. ಒಬ್ಬ ಎರಡು ಸಾವಿರ ಎಂದ. ಇನ್ನೊಬ್ಬ, ಸತ್ತವರ ಮಂಚಕ್ಕೆ ಸಾವಿರವೇ ಜಾಸ್ತಿ ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದ. ಸಮಯ ನೋಡಿ ನಾನೂ ಆಕೆಯ ಮನೆಗೆ ಹೋಗಿ ನಾಲ್ಕು ಸಾವಿರ ಅಂದೆ.

"ನೀವು ಮಾರಿದ್ದು ಎಂಟಕ್ಕಲ್ವಾ? ಅವತ್ತು ಎದ್ದು ಹೋದವರ ಮಂಚ, ಇವತ್ತು ಸತ್ತವರದ್ದು. ಅದಕ್ಕೆ ಅರ್ಧ, ಅಲ್ವಾ ಅಣ್ಣ?"

ನಾನು ಮಂಚದ ಗಾಲಿಗಳನ್ನು ಪರೀಕ್ಷಿಸತೊಡಗಿದೆ.

"ಹಿಡಿ ಸವೆದಿದೆ ಅನ್ನಿ, ಇಳಿಸ್ತೀನಿ. ಅವ್ರು ಸತ್ರು ಅಂತ ಒಂದು ಕಾಸೂ ಇಳ್ಸಲ್ಲ."

ಆಗಲೇ ಬಸ್ ಡ್ರೈವರೊಬ್ಬ ಬಂದ. ಕೋಣನಂಥ ಆಳು. ಮಂಚ ಅವನ ತಾಯಿಗೆ. ಬಂದವನೇ, "ಮೂರಕ್ಕೆ ಕೊಡಿ ಅಮ್ಮ. ಸತ್ತವರ ಮಂಚ ಬೇರೆ," ಎಂದ.

"ತಾಯಿ ಈಗ ಎಲ್ಲಿ ಮಲಗ್ತಾರೆ?"

"ನೆಲದ ಮೇಲೆ."

"ಬೆನ್ನು ಹೇಗಿದೆ?"

ಅವನು ಬಾಗಿಲ ಕಡೆ ನೋಡಿದ. "ಹುಣ್ಣಾಗಿದೆ."

"ಮಲ್ಕೊಳ್ಳಿ ಇಲ್ಲಿ."

ಅವನು ನಾಚಿಕೊಂಡು ಮಲಗಿದ. ಕಡ್ಡಿಯಂಥ ರಟ್ಟಿನಕ್ಕ ಅವನ ಮೊಣಕಾಲು ಮಡಚಿ, ಒಂದು ಕೈ ಹೆಗಲಿಗೆ, ಒಂದು ಕೈ ಸೊಂಟಕ್ಕೆ ಕೊಟ್ಟು, ಪುಸ್ತಕದ ಹಾಳೆ ಮಗುಚುವಷ್ಟು ಹಗುರವಾಗಿ ಮಗ್ಗುಲಿಗೆ ತಿರುಗಿಸಿದಳು. "ತೋಳು ಹಿಡಿದು ಎಳೀಬೇಡಿ. ಎರಡು ಗಂಟೆಗೊಂದ್ಸಲ ಹೀಗೆ ತಿರುಗಿಸ್ಬೇಕು. ನಮ್ಮವ್ರು ತೀರ್ಕೊಂಡಿದ್ದು ಇದ್ರ ಮೇಲೇ, ಸುಳ್ಳಲ್ಲ. ಆದ್ರೆ ಮೂರು ವರ್ಷದಲ್ಲಿ ಬೆನ್ನಿಗೆ ಒಂದು ಹುಣ್ಣಾಗ್ಲಿಲ್ಲ."

ಅವನು ಗೋಡೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ಹಾಗೇ ಮಲಗಿದ್ದ. ಎದ್ದು ಎಂಟು ಸಾವಿರ ಎಣಿಸಿ ಕೊಟ್ಟ. ಆಮೇಲೆ ಮೆಲ್ಲಗೆ ಕೇಳಿದ: "ಮೊದ್ಲು ಮಲಗಿದ್ದವರು ಏನಾದ್ರು ಅಂತ ಅಮ್ಮ ಕೇಳೇ ಕೇಳ್ತಾಳೆ. ಏನ್ ಹೇಳ್ಲಿ?"

ರಟ್ಟಿನಕ್ಕ ನನ್ನ ಕಡೆ ತಿರುಗಿದಳು. "ಈ ಅಂಗಡಿಯಣ್ಣನ್ನ ಕೇಳಿ, ಚೆನ್ನಾಗಿ ಹೇಳ್ತಾರೆ. ಅವತ್ತು ಹೇಳಿದ್ದು ನನಗೆ ನಂಬ್ಕೆ ಬರ್ಲಿಲ್ಲ. ನಮ್ಮವ್ರು ಮಾತ್ರ ಕೊನೇ ದಿನದವರೆಗೂ ನಂಬಿದ್ರು."

ನಾನು ಮಂಚದ ಒಂದು ತುದಿ ಹಿಡಿದೆ, ಡ್ರೈವರ್ ಇನ್ನೊಂದು ತುದಿ ಹಿಡಿದ. ಹೊಸ್ತಿಲು ದಾಟುವಷ್ಟರಲ್ಲಿ ಹಿಂದೆ ಮೇಜು ಎಳೆಯುವ ಸದ್ದು ಕೇಳಿಸಿತು.